ಹಡಗು ದ್ವೀಪದ ಬಳಿ ನಿಂತಾಗ ಇಳಿಯಬೇಕೋ, ಹಡಗಿನಲ್ಲೇ ಇರಬೇಕೋ?

ಪ್ರಶ್ನೆ: ನಾವು ಕೊಡಗಿನ ಗೋಣಿಕೊಪ್ಪದ ಹತ್ತಿರದವರು. ರೊಬಸ್ಟಾ ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್ ಕೊನೆಗೆ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗೋಣ ಅಂತ ಇದ್ದೇವೆ. ಐದು ದಿನದ ಪ್ರವಾಸ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರೂ ಕಡೆ ಹಗಲಿಡೀ ಹಡಗು ನಿಲ್ಲುತ್ತದೆ, ರಾತ್ರಿ ಹಡಗಿನಲ್ಲೇ ಮಲಗುವುದು. ನಮ್ಮ ಯಜಮಾನರು ‘ಅಲ್ಲಿ ತೆಂಗಿನಮರ, ಮರಳು ಬಿಟ್ಟರೆ ಏನಿದೆ? ಹಡಗಿನಲ್ಲೇ ಆರಾಮಾಗಿ ಇರೋಣ’ ಅನ್ನುತ್ತಾರೆ. ಅತ್ತೆಗೆ 71 ವರ್ಷ, ಮಂಡಿ ನೋವಿದೆ. ಮಗನಿಗೆ 10, ಈಜು ಬರುವುದಿಲ್ಲ. ಇಳಿಯುವುದು ಕಷ್ಟವಾ? ಇಳಿದರೆ ಇಡೀ ದಿನ ಮಾಡುವುದೇನು? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಇಳಿಯಿರಿ. ಸಮುದ್ರ ಸುಮ್ಮನಿದ್ದರೆ ಮೂರೂ ಕಡೆ ಇಳಿಯಿರಿ. ಆದರೆ ಒಂದೊಂದು ದ್ವೀಪದಲ್ಲಿ ಒಂದೇ ಮುಖ್ಯ ಕೆಲಸ ಇಟ್ಟುಕೊಳ್ಳಿ. ಈ ಮಾರ್ಗದಲ್ಲಿ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಬೇಸರ ಮಾಡಿಕೊಂಡು ವಾಪಸ್ ಬರುವವರು ಹೆಚ್ಚಾಗಿ ಮೂರು ದ್ವೀಪದಲ್ಲೂ ಒಂದೇ ಕೆಲಸ ಮಾಡಿದವರು. ಕವರತ್ತಿಯಲ್ಲಿ ಕಯಾಕ್ (ಹುಟ್ಟು ಹಾಕುವ ಪುಟ್ಟ ದೋಣಿ), ಕಲ್ಪೇನಿಯಲ್ಲಿ ಕಯಾಕ್, ಮಿನಿಕಾಯ್‌ನಲ್ಲೂ ಕಯಾಕ್. ಮೂರನೇ ದಿನ ‘ಎಲ್ಲಾ ಒಂದೇ ಥರ ಇದೆ’ ಅನ್ನುತ್ತಾರೆ. ಒಂದೇ ಥರ ಇಲ್ಲ. ಮಿನಿಕಾಯ್‌ನ ಭಾಷೆಯೇ ಬೇರೆ.

ನಿಮ್ಮ ಯಜಮಾನರ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಕವರತ್ತಿ ಸುಮಾರು 4 ಚದರ ಕಿಲೋಮೀಟರ್. ಅಂದರೆ ಸುಮಾರು 1,000 ಎಕರೆ. ನಮ್ಮ ಪಾಲಿಬೆಟ್ಟ, ಸಿದ್ದಾಪುರದ ಕಡೆಯ ಒಂದು ದೊಡ್ಡ ಎಸ್ಟೇಟಿನಷ್ಟು ಜಾಗ. 2011ರ ಜನಗಣತಿಯ ಪ್ರಕಾರ ಅಷ್ಟರಲ್ಲಿ 11,000ಕ್ಕೂ ಹೆಚ್ಚು ಜನ ಇದ್ದಾರೆ. ಹೊಳೆ ಇಲ್ಲ, ತೋಡಿಲ್ಲ, ಬೆಟ್ಟ ಇಲ್ಲ. ನೆಲ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಮೇಲಿದೆ. ಹಾಗಾಗಿ ಹಡಗಿನಿಂದ ನೋಡುವಾಗ ಮೊದಲು ಕಾಣುವುದು ನೆಲವಲ್ಲ, ತೆಂಗಿನ ತಲೆಗಳು. ಇಷ್ಟು ಚಿಕ್ಕ ಜಾಗದಲ್ಲಿ ನೂರಾರು ವರ್ಷದಿಂದ ಜನ ಏನು ತಿಂದು, ಯಾವ ನೀರು ಕುಡಿದು ಬದುಕಿದ್ದಾರೆ? ನೋಡಬೇಕಾದದ್ದು ಅದು. ಡೆಕ್ ಮೇಲೆ ಕೂತರೆ ಅದು ಕಾಣುವುದಿಲ್ಲ.

ಬಾವಿ ನೀರಿನ ವಿಷಯ ತೆಗೆದುಕೊಳ್ಳಿ. ಹವಳದ ಮರಳಿನೊಳಗೆ ಇಳಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ, ಅದಕ್ಕೆ. ಮಧ್ಯದಲ್ಲಿ ದಪ್ಪ, ಅಂಚಿಗೆ ತೆಳು. ಬಾವಿಯಿಂದ ಜಾಸ್ತಿ ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರಿನಿಂದ ದಿನಕ್ಕೆ 1 ಲಕ್ಷ ಲೀಟರ್ ಕುಡಿಯುವ ನೀರು ಮಾಡುವ ಘಟಕ ಶುರುವಾಯಿತು. ಸಮುದ್ರದ ಮೇಲ್ಭಾಗದ ನೀರು ಬೆಚ್ಚಗೆ, ಆಳದ ನೀರು ತಣ್ಣಗೆ. ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ಆ ಆವಿಯನ್ನು ತಂಪು ಮಾಡಿ ಸಿಹಿನೀರು ಹಿಡಿಯುತ್ತಾರೆ. ಕಾವೇರಿ ಹುಟ್ಟುವ ಜಿಲ್ಲೆಯಿಂದ ಹೋಗುವ ನಾವು ಇದನ್ನು ತಿಳಿದೇ ಹೋಗಬೇಕು. ಈಜಿ ಬಂದ ಮೇಲೆ ಅಲ್ಲಿ ಸ್ನಾನಕ್ಕೆ ನಲ್ಲಿ ಇರುತ್ತದೆ. ಉಪ್ಪು ಹೋಗುವಷ್ಟು ಮೈಗೆ ನೀರು ಸುರಿದುಕೊಂಡು ನಿಲ್ಲಿಸಿ. ಸೋಪು ಹಚ್ಚಿ ತೊಳೆಯುವುದನ್ನು ಹಡಗಿನ ಬಾತ್‌ರೂಮಿಗೆ ಇಟ್ಟುಕೊಳ್ಳಿ.

ಈಗ ಇಳಿಯುವ ವಿಷಯ. ನಿಮಗೆ ಹೆಚ್ಚು ಚಿಂತೆ ಇರುವುದು ಇಲ್ಲೇ, ಅಲ್ವಾ? ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ದ್ವೀಪದ ಸುತ್ತ ಹವಳದ ಗೋಡೆ ಇದೆ. ಅದರೊಳಗಿನ ಆಳವಿಲ್ಲದ, ಹಸಿರು ಬಣ್ಣದ ನೀರೇ ಲಗೂನ್. ದೊಡ್ಡ ಹಡಗು ಅದರೊಳಗೆ ಬರಲು ಆಗುವುದಿಲ್ಲ. ಸಾಮಾನ್ಯವಾಗಿ ಗೋಡೆಯ ಹೊರಗೆ ನಿಲ್ಲುತ್ತದೆ. ಅಲ್ಲಿಂದ ಜನರನ್ನು ಸಣ್ಣ ಬೋಟಿಗೆ ಇಳಿಸಿ ಜೆಟ್ಟಿಗೆ ಕರೆದೊಯ್ಯುತ್ತಾರೆ. ಹಡಗಿನ ಪಕ್ಕದಲ್ಲಿ, ನೀರಿಗೆ ಹತ್ತಿರವಾಗಿ ಒಂದು ಬಾಗಿಲು ತೆರೆಯುತ್ತಾರೆ. ಬೋಟು ಅದಕ್ಕೆ ತಾಗಿಕೊಂಡು ನಿಲ್ಲುತ್ತದೆ. ನಿಲ್ಲುತ್ತದೆ ಅಂದರೆ ಅಲುಗಾಡದೆ ನಿಲ್ಲುವುದಿಲ್ಲ. ತೆರೆ ಬಂದಾಗ ಬೋಟು ಮೇಲೇಳುತ್ತದೆ, ತೆರೆ ಹೋದಾಗ ಕೆಳಗಿಳಿಯುತ್ತದೆ. ಶಾಂತ ದಿನ ಒಂದು ಗೇಣು. ಗಾಳಿಯ ದಿನ ಸೊಂಟದೆತ್ತರ.

ಅಲ್ಲಿ ಮಾಡಬೇಕಾದದ್ದು ಇಷ್ಟೇ. ಎರಡೂ ಕೈ ಖಾಲಿ ಇರಬೇಕು. ಮೊಬೈಲ್, ನೀರಿನ ಬಾಟಲಿ, ಟೋಪಿ ಯಾವುದೂ ಕೈಯಲ್ಲಿ ಬೇಡ, ಎಲ್ಲಾ ಬೆನ್ನಿನ ಚೀಲದೊಳಗೆ. ಲೈಫ್ ಜಾಕೆಟ್ ಬಕಲ್ ಹಾಕಿರಬೇಕು. ಬಾಗಿಲಲ್ಲಿ ಒಬ್ಬ, ಬೋಟಿನಲ್ಲಿ ಒಬ್ಬ ಇರುತ್ತಾರೆ. ಅವರು ನಿಮ್ಮ ಬೆರಳು ಹಿಡಿಯುವುದಿಲ್ಲ, ಮಣಿಕಟ್ಟು ಹಿಡಿಯುತ್ತಾರೆ. ನೀವೂ ಅವರ ಮಣಿಕಟ್ಟನ್ನೇ ಹಿಡಿಯಿರಿ, ಜಾರುವುದಿಲ್ಲ. ಬೋಟು ಪೂರ್ತಿ ಮೇಲೆ ಬಂದು ಒಂದು ಕ್ಷಣ ನಿಂತ ಹಾಗೆ ಆಗುತ್ತದೆ. ಆಗ ಅವರು ಹೇಳುತ್ತಾರೆ. ಹೇಳಿದ ಕೂಡಲೇ ಹೆಜ್ಜೆ ಇಡಿ. ಹಾರಬೇಡಿ. ಹೇಳಿದ ಮೇಲೆ ಹಿಂದೆ ಮುಂದೆ ನೋಡಿದರೆ ಬೋಟು ಕೆಳಗೆ ಹೋಗಿರುತ್ತದೆ. ಆಗ ಸುಮ್ನೆ ನಿಂತು ಮುಂದಿನ ತೆರೆಗೆ ಕಾಯಿರಿ. ಹಡಗಿಗೂ ಬೋಟಿಗೂ ನಡುವೆ ಯಾವ ಕಾರಣಕ್ಕೂ ಕೈ ಕಾಲು ಹಾಕಬೇಡಿ. ಏನಾದರೂ ಬಿದ್ದರೆ ಬೀಳಲಿ. ಮೊದಲು ನಿಮ್ಮ ಯಜಮಾನರು ಇಳಿಯಲಿ, ಆಮೇಲೆ ಮಗ, ಕೊನೆಗೆ ನೀವು.

ಅತ್ತೆಯವರ ಬಗ್ಗೆ. ಅವರು ಮನೆಯ ಮೆಟ್ಟಿಲನ್ನು ಕೈಹಿಡಿ ಹಿಡಿದುಕೊಂಡು ಒಬ್ಬರೇ ಇಳಿಯುತ್ತಾರಾ? ಇಳಿಯುವುದಾದರೆ ಶಾಂತ ದಿನ ಬೋಟಿಗೂ ಇಳಿಯಬಹುದು. ಇಬ್ಬರು ಹಿಡಿದುಕೊಳ್ಳದೆ ಆಗುವುದಿಲ್ಲ ಅನ್ನುವುದಾದರೆ ಬೇಡ. ನಡುವೆ ಇದ್ದಾರೆ ಅಂದರೆ ಆ ದಿನ ಬೆಳಗ್ಗೆ ಬಾಗಿಲಿನ ಹತ್ತಿರ ಇರುವ ಸಿಬ್ಬಂದಿಯನ್ನು ಕೇಳಿ. ಅವರು ಆಗಲೇ ಒಂದೆರಡು ಬೋಟು ಕಳಿಸಿರುತ್ತಾರೆ. ‘ಇವರು ಇಳಿಯಬಹುದಾ?’ ಅಂತ ಕೇಳಿದರೆ ಕಾಲು ನೋಡಿ, ಸಮುದ್ರ ನೋಡಿ ನೇರವಾಗಿ ಹೇಳುತ್ತಾರೆ. ಬೇಡ ಅಂದರೆ ವಾದ ಮಾಡಬೇಡಿ. ಸೀರೆಯಲ್ಲಿ ಇಳಿಯುವುದು ಒಳ್ಳೆಯದಲ್ಲ. ಕೊಡವ ಸೀರೆ ಉಡುವವರಿಗೆ ನೆರಿಗೆ ಹಿಂದೆ ಇರುವುದರಿಂದ ಮುಂದಕ್ಕೆ ಕಾಲಿಡಲು ತೊಡಕು ಕಡಿಮೆ. ಆದರೂ ಬೋಟಿನ ಅಂಚಿಗೆ ಬಟ್ಟೆ ಸಿಕ್ಕಿದರೆ ಕಷ್ಟ. ಒಂದು ಚೂಡಿದಾರ್ ಹೊಲಿಸಿ, ಊರಲ್ಲೇ ಎರಡು ದಿನ ಹಾಕಿ ಅಭ್ಯಾಸ ಮಾಡಿಕೊಳ್ಳಲಿ. ಹಿಂದೆ ಪಟ್ಟಿ ಇರುವ, ಹಿಡಿತ ಇರುವ ರಬ್ಬರ್ ಚಪ್ಪಲಿ ಬೇಕು. ಜೆಟ್ಟಿಯ ಕೊನೆಯ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ. ನಮ್ಮ ಮಳೆಗಾಲದ ಅಂಗಳದಲ್ಲಿ ನಡೆದು ರೂಢಿ ಇರುವ ಕಾಲು ಅವರದು, ಆದರೆ ಅಲ್ಲಿ ಅವಸರ ಬೇಡ.

ಇನ್ನೊಂದು ಮಾತು. ಸಂಜೆ ಬೋಟಿನಿಂದ ಹಡಗಿಗೆ ಹತ್ತುವುದು ಬೆಳಗ್ಗೆ ಇಳಿಯುವುದಕ್ಕಿಂತ ಕಷ್ಟ. ಮಧ್ಯಾಹ್ನದ ಮೇಲೆ ಸಾಮಾನ್ಯವಾಗಿ ಗಾಳಿ ಜಾಸ್ತಿಯಾಗುತ್ತದೆ. ಮೈ ದಣಿದಿರುತ್ತದೆ, ಬಟ್ಟೆ ಒದ್ದೆ ಇರುತ್ತದೆ. ಕೊನೆಯ ಬೋಟಿಗೆ ಎಲ್ಲರೂ ನುಗ್ಗುತ್ತಾರೆ. ಅತ್ತೆಯನ್ನು ಕರೆದುಕೊಂಡು ಹೋದ ದಿನ ಕೊನೆಯದಕ್ಕಿಂತ ಎರಡು ಬೋಟು ಮುಂಚೆ ಹೊರಟುಬಿಡಿ. ಬಂದರಿನಲ್ಲಿ ಲೆಕ್ಕ ಇರುವುದು ಹಡಗು ಹೊರಡುವ ಸಮಯಕ್ಕಲ್ಲ, ಕೊನೆಯ ಬೋಟು ಜೆಟ್ಟಿ ಬಿಡುವ ಸಮಯಕ್ಕೆ. ಇಳಿಯುವ ಮುಂಚೆ ಆ ಸಮಯ ಕೇಳಿ, ಚೀಟಿಯಲ್ಲಿ ಬರೆದು ಮಗನ ಜೇಬಿನಲ್ಲೂ ಒಂದು ಇಡಿ. ಖಾಸಗಿ ಕ್ರೂಸ್ ಹಡಗುಗಳಲ್ಲಿ ದ್ವೀಪದಲ್ಲಿ ಸಿಗುವ ಸಮಯ ಇನ್ನೂ ಕಡಿಮೆ ಇರಬಹುದು. ಅಲ್ಲಿ ಇದು ಇನ್ನೂ ಮುಖ್ಯ.

ಅತ್ತೆ ಇಳಿಯದ ದಿನ ಮನೆಯವರು ಒಬ್ಬರು ಜೊತೆಗಿರಿ. ನಿಮ್ಮ ಯಜಮಾನರಿಗೆ ಹಡಗಿನಲ್ಲಿ ಇರುವ ಆಸೆ ಹೇಗೂ ಇದೆ. ಕಲ್ಪೇನಿಯ ದಿನವನ್ನು ಅವರಿಬ್ಬರಿಗೆ ಕೊಡಿ. ಯಾಕೆ ಕಲ್ಪೇನಿ ಅಂದರೆ, ಅಲ್ಲಿ ದಿನವೆಲ್ಲ ನೀರಿನ ಆಟ. ಅತ್ತೆಗೆ ಮರದ ನೆರಳಲ್ಲಿ ಕೂರುವುದು ಬಿಟ್ಟು ಬೇರೆ ಕೆಲಸ ಕಡಿಮೆ. ಆದರೆ ಮಿನಿಕಾಯ್‌ನಲ್ಲಿ ಹೇಗಾದರೂ ಅವರನ್ನು ಇಳಿಸಲು ನೋಡಿ. ಕಾರಣ ಮುಂದೆ ಹೇಳುತ್ತೇನೆ.

ಕವರತ್ತಿ ರಾಜಧಾನಿ. 1964ರಲ್ಲಿ ಆಡಳಿತ ಕಚೇರಿ ಕೋಳಿಕ್ಕೋಡಿನಿಂದ ಇಲ್ಲಿಗೆ ಬಂತು. ಆಫೀಸು, ಆಸ್ಪತ್ರೆ, ಬ್ಯಾಂಕು, ಸ್ಕೂಟರುಗಳು ಎಲ್ಲಾ ಇವೆ. ಇಲ್ಲಿ ಬೆಳಗ್ಗೆ ಗಾಜಿನ ತಳದ ಬೋಟಿನಲ್ಲಿ ಹೋಗಿ. ಈಜು ಬಾರದ ಮಗನಿಗೆ ಹವಳ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸೂರ್ಯ ಸ್ವಲ್ಪ ಮೇಲೆ ಬಂದಿರಬೇಕು, ಗಾಳಿ ಎದ್ದಿರಬಾರದು. ಹಾಗಾಗಿ ಒಂಬತ್ತರಿಂದ ಹನ್ನೊಂದರ ಒಳಗೆ. ಅಲ್ಲಿರುವ ಮರೈನ್ ಅಕ್ವೇರಿಯಂ ದೊಡ್ಡದಲ್ಲ. ಬೋಟಿನಲ್ಲಿ ನೋಡಿದ ಮೀನುಗಳ ಹೆಸರು ತಿಳಿಯಲು ಆಮೇಲೆ ಹೋಗಿ. ಉಜ್ರಾ ಮಸೀದಿಯ ಮರದ ಕೆತ್ತನೆ ನೋಡಲೇಬೇಕಾದದ್ದು. ಕಂಬ, ಮಾಳಿಗೆಯ ಹಲಗೆ ಎಲ್ಲದರಲ್ಲೂ ಕೆಲಸ ಇದೆ. ನಮ್ಮ ಐನ್‌ಮನೆಗಳ, ಅಂದರೆ ಮನೆತನದ ಹಳೆಯ ಮನೆಗಳ, ಕಂಬ ನೋಡಿ ಬೆಳೆದವರಿಗೆ ಉಳಿ ಎಲ್ಲಿ ಓಡಿದೆ, ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ. ಮಸೀದಿ ಪ್ರಾರ್ಥನೆ ನಡೆಯುವ ಜಾಗ. ಗೈಡ್ ಮೂಲಕ ಕೇಳಿ, ಎಲ್ಲಿಯವರೆಗೆ ಬರಬಹುದು ಅಂದರೋ ಅಲ್ಲಿಯವರೆಗೆ ಹೋಗಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬೇಡ, ಆಗ ಅಂಗಡಿಗಳೂ ಮುಚ್ಚಿರುತ್ತವೆ.

ಕಲ್ಪೇನಿ ನೀರಿಗೆ. ಇಲ್ಲಿಯ ಲಗೂನ್ ದೊಡ್ಡದು, ಶಾಂತ. ಕೂಮೆಲ್ ಅನ್ನುವ ಕಡೆ ಪ್ರವಾಸಿಗರಿಗೆ ಜಾಗ ಮಾಡಿದ್ದಾರೆ. ಎದುರಿಗೆ ತಿಲಕ್ಕಂ, ಪಿಟ್ಟಿ ಅನ್ನುವ ಪುಟ್ಟ ದ್ವೀಪಗಳು ಕಾಣುತ್ತವೆ. ಮಗನನ್ನು ನೀರಿಗೆ ಬಿಡುವುದಾದರೆ ಇಲ್ಲಿ ಬಿಡಿ. ಲೈಫ್ ಜಾಕೆಟ್ ಹಾಕಿಸಿ, ಅವನ ಸೊಂಟದವರೆಗಿನ ನೀರಿನಲ್ಲಿ, ಒಬ್ಬ ದೊಡ್ಡವರು ಕೈಗೆಟುಕುವ ದೂರದಲ್ಲಿ. ಮೊದಲು ಮಾಸ್ಕ್ ಮಾತ್ರ ಹಾಕಿ, ನಿಂತುಕೊಂಡೇ ಮುಖ ಮುಳುಗಿಸಲಿ. ಬಾಯಲ್ಲಿ ಉಸಿರಾಡುವ ಕೊಳವೆ ಆಮೇಲೆ. ಹತ್ತು ನಿಮಿಷ ಸಮಾಧಾನವಾಗಿ ಹೀಗೆ ಮಾಡಿದ ಮಕ್ಕಳು ಹೆದರುವುದಿಲ್ಲ. ನೇರವಾಗಿ ಎಲ್ಲಾ ಕಟ್ಟಿ ಬಿಟ್ಟರೆ ಒಂದು ಗುಟುಕು ಉಪ್ಪುನೀರಿಗೇ ಅಳು ಶುರು.

ದೊಡ್ಡವರಿಗೂ ಒಂದು ಎಚ್ಚರಿಕೆ. ನಮ್ಮಲ್ಲಿ ಹೊಳೆಯಲ್ಲಿ ಈಜಿ ಕಲಿತವರು ತುಂಬಾ ಜನ. ಹೊಳೆಯ ಧೈರ್ಯ ಸಮುದ್ರಕ್ಕೆ ಸಾಲದು. ಈ ದ್ವೀಪಗಳಲ್ಲಿ ಸಾಮಾನ್ಯವಾಗಿ ಪಶ್ಚಿಮಕ್ಕೆ ಲಗೂನ್, ಪೂರ್ವಕ್ಕೆ ತೆರೆದ ಸಮುದ್ರ. ಪೂರ್ವದ ದಡ ಕಲ್ಲು ಕಲ್ಲಾಗಿರುತ್ತದೆ, ತೆರೆ ಬಂದು ಹೊಡೆಯುತ್ತದೆ. ಅಲ್ಲಿ ನೀರಿಗೆ ಇಳಿಯಬೇಡಿ. ಕಲ್ಪೇನಿಯ ಪೂರ್ವದಲ್ಲಿ ದೊಡ್ಡ ದೊಡ್ಡ ಹವಳದ ಬಂಡೆಗಳ ರಾಶಿ ಇದೆ. 1847ರ ಬಿರುಗಾಳಿ ಸಮುದ್ರದಿಂದ ಎತ್ತಿ ಹಾಕಿದ್ದು ಅದು. ದಡದಲ್ಲಿ ನಿಂತು ಆ ಬಂಡೆಗಳನ್ನು ನೋಡಿ. ಬೋಟು ಬಂದುಹೋಗಲು ಹವಳದ ಗೋಡೆಯಲ್ಲಿ ಬಿಟ್ಟಿರುವ ದಾರಿಯ ಹತ್ತಿರವೂ ಈಜಬೇಡಿ. ಇಳಿತದ ಹೊತ್ತಿನಲ್ಲಿ ಲಗೂನಿನ ನೀರೆಲ್ಲ ಅಲ್ಲಿಂದಲೇ ಹೊರಗೆ ಓಡುತ್ತದೆ.

ಹವಳದ ಮೇಲೆ ನಿಲ್ಲಬಾರದು. ಅದು ಕಲ್ಲಲ್ಲ, ಜೀವ. 1998, 2010, 2016, 2024ರಲ್ಲಿ ಸಮುದ್ರ ಬಿಸಿಯಾಗಿ ಲಕ್ಷದ್ವೀಪದ ಹವಳ ಬೆಳ್ಳಗಾಗಿ ತುಂಬಾ ಸತ್ತಿತು. ಉಳಿದದ್ದು ಬೆಳೆಯಲು ವರ್ಷಗಳು ಬೇಕು. ನಿಮ್ಮ ಕಾಲಿಗೂ ಅದು ಒಳ್ಳೆಯದಲ್ಲ. ಹವಳ ಗೀರಿದ ಗಾಯ ಬೇಗ ಕೀವಾಗುತ್ತದೆ, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಮುಲಾಮು ಹಚ್ಚಬೇಕು. ಸತ್ತ ಹವಳದ ಚೂರನ್ನೂ ಚೀಲಕ್ಕೆ ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಹವಳಕ್ಕೆ ರಕ್ಷಣೆ ಇದೆ. ಆನೆದಂತ ಮನೆಯಲ್ಲಿ ಇಟ್ಟುಕೊಂಡರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಗನಿಗೆ ಇದನ್ನು ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ದಡದಲ್ಲಿ ಹೇಳಿದರೆ ಅಷ್ಟರಲ್ಲಿ ಜೇಬು ತುಂಬಿರುತ್ತದೆ.

ಈಗ ಮಿನಿಕಾಯ್. ಮೂರರಲ್ಲಿ ಒಂದೇ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಉಳಿದ ದ್ವೀಪಗಳಿಂದ ತುಂಬಾ ದಕ್ಷಿಣಕ್ಕಿದೆ, ನಡುವೆ ‘ಒಂಬತ್ತು ಡಿಗ್ರಿ ಕಾಲುವೆ’ ಅನ್ನುವ ಅಗಲವಾದ ಸಮುದ್ರ. ಇತ್ತ ಮಾಲ್ಡೀವ್ಸ್ ಹತ್ತಿರ. ಜನರ ಮಾತು ಮಹಲ್, ಮಾಲ್ಡೀವ್ಸಿನ ದಿವೇಹಿಯ ಒಂದು ರೂಪ. ಬರೆಯುವುದು ಥಾನಾ ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಇಲ್ಲಿಯ ಗಂಡಸರು ತಲೆಮಾರುಗಳಿಂದ ಪ್ರಪಂಚದ ಹಡಗುಗಳಲ್ಲಿ ಕೆಲಸ ಮಾಡಿದವರು. ನಮ್ಮಲ್ಲಿ ಮನೆಗೊಬ್ಬರು ಮಿಲಿಟರಿಯಲ್ಲಿ ಇದ್ದ ಹಾಗೆ ಅಲ್ಲಿ ಮನೆಗೊಬ್ಬರು ಹಡಗಿನಲ್ಲಿ. ನಿಮ್ಮ ಯಜಮಾನರು ಜಗಲಿಯಲ್ಲಿ ಕೂತ ವಯಸ್ಸಾದ ಒಬ್ಬರನ್ನು ‘ಯಾವ ಯಾವ ಬಂದರು ನೋಡಿದ್ದೀರಿ?’ ಅಂತ ಕೇಳಲಿ. ಮಧ್ಯಾಹ್ನ ಹೇಗೆ ಹೋಯಿತು ಅಂತ ಗೊತ್ತಾಗುವುದಿಲ್ಲ.

ಊರು ಹಲವು ಸಣ್ಣ ಹಳ್ಳಿಗಳಾಗಿ ಹಂಚಿಕೊಂಡಿದೆ. ಪ್ರತಿ ಹಳ್ಳಿಗೂ ಒಬ್ಬ ಹಿರಿಯ ಇರುತ್ತಾರೆ, ‘ಬೊಡುಕಾಕಾ’ ಅನ್ನುತ್ತಾರೆ. ಹಳ್ಳಿಗೊಂದು ಸಮುದಾಯದ ಮನೆ, ಓಟದ ದೋಣಿ. ಬಣ್ಣ ಬಳಿದ ಆ ಉದ್ದ ದೋಣಿಗಳನ್ನು ನೆರಳಿನಲ್ಲಿ ಇಟ್ಟಿರುತ್ತಾರೆ. ಮುಟ್ಟುವ ಮುಂಚೆ ಕೇಳಿ. ಮನೆ, ಆಸ್ತಿ ತಾಯಿಯ ಕಡೆಯಿಂದ ಬರುವ ಪದ್ಧತಿ ಇಲ್ಲಿದೆ. ಊರಿನ ಕೆಲಸದಲ್ಲಿ ಹೆಂಗಸರ ಮಾತಿಗೆ ತೂಕ ಇದೆ. ಅದಕ್ಕೇ ಅತ್ತೆಯನ್ನು ಇಳಿಸಿ ಅಂದೆ. ಬೋಟಿನಿಂದ ಇಳಿದ ಮೇಲೆ ಗಾಡಿ ಸಿಗುತ್ತದೆ, ಹಳ್ಳಿಯೊಳಗೆ ನಡೆಯುವ ದೂರ ಕಡಿಮೆ.

ಇಲ್ಲಿಯ ಮುಖ್ಯ ಕೆಲಸ ಟ್ಯೂನಾ ಮೀನು ಹಿಡಿಯುವುದು. ಮಲಯಾಳಂ ಗೊತ್ತಿರುವವರು ಚೂರ ಅನ್ನುತ್ತಾರೆ. ಬಲೆ ಹಾಕಿ ಬಾಚುವುದಿಲ್ಲ. ಲಗೂನಿನಲ್ಲಿ ಹಿಡಿದ ಸಣ್ಣ ಮೀನನ್ನು ಬೋಟಿನಲ್ಲಿ ಜೀವಂತ ಇಟ್ಟುಕೊಂಡು ಹೋಗುತ್ತಾರೆ. ಟ್ಯೂನಾ ಹಿಂಡು ಕಂಡಾಗ ಅದನ್ನು ನೀರಿಗೆ ಎಸೆಯುತ್ತಾರೆ, ಮೇಲಿಂದ ನೀರು ಚಿಮುಕಿಸುತ್ತಾರೆ. ಮೀನುಗಳು ಮೇಲೆ ಬಂದು ಮುಗಿಬೀಳುತ್ತವೆ. ಆಗ ಉದ್ದ ಕೋಲಿಗೆ ಕಟ್ಟಿದ ಗಾಳ. ಕಚ್ಚಿದ ಕೂಡಲೇ ಕೋಲು ಎತ್ತಿ ಹಿಂದಕ್ಕೆ ಬೀಸಿದರೆ ಮೀನು ಬೋಟಿನೊಳಗೆ ಬೀಳುತ್ತದೆ. ಗಾಳಕ್ಕೆ ಮುಳ್ಳು ಇರುವುದಿಲ್ಲ, ಹಾಗಾಗಿ ಮೀನು ತಾನೇ ಬಿಡಿಸಿಕೊಳ್ಳುತ್ತದೆ, ಕೋಲು ಮತ್ತೆ ನೀರಿಗೆ. ಒಂದು ಗಾಳಕ್ಕೆ ಒಂದೇ ಮೀನು. ಟ್ಯೂನಾ ಡಬ್ಬಿಗೆ ತುಂಬುವ ಕಾರ್ಖಾನೆಯೂ ಇಲ್ಲಿದೆ.

ಮನೆಗಳಲ್ಲಿ ಮಾಡುವುದು ಮಾಸ್ ಅಥವಾ ಮಾಸ್‌ಮಿನ್. ಮೀನನ್ನು ಉದ್ದಕ್ಕೆ ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸುತ್ತಾರೆ. ಕೊನೆಗೆ ಅದು ಕಪ್ಪು ಕಂದು ಬಣ್ಣದ ಮರದ ತುಂಡಾಗಿರುತ್ತದೆ. ನೆಲಕ್ಕೆ ಹಾಕಿದರೆ ಟಕ್ ಅನ್ನುತ್ತದೆ. ಚಾಕುವಿನಿಂದ ಸಣ್ಣಗೆ ಕೆರೆದು ತೆಂಗಿನಕಾಯಿ, ಈರುಳ್ಳಿ ಜೊತೆ ಕಲಸಿ ಅನ್ನಕ್ಕೆ ಹಾಕಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಒಲೆಯ ಮೇಲಿನ ಹೊಗೆಯಲ್ಲಿ ಇರಚಿ (ಮಾಂಸ) ಒಣಗಿಸಿದ ಕಾಲ ಅತ್ತೆಗೆ ನೆನಪಿರುತ್ತದೆ. ಅವರನ್ನು ಮಾಸ್ ಮಾಡುವ ಹೆಂಗಸರ ಹತ್ತಿರ ಕೂರಿಸಿ. ಯಾವ ಸೌದೆ, ಎಷ್ಟು ದಿನ ಹೊಗೆ, ಮಳೆಗಾಲದಲ್ಲಿ ಏನು ಮಾಡುತ್ತೀರಿ? ಕೇಳಲು ಅವರಿಗೇ ಹತ್ತು ಪ್ರಶ್ನೆ ಹುಟ್ಟುತ್ತದೆ. ಕೊಂಡುಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಚೆನ್ನಾಗಿ ಕಟ್ಟಿಸಿ, ಹಡಗಿನ ಕ್ಯಾಬಿನ್ನಿನಲ್ಲಿ ವಾಸನೆ ಹರಡುತ್ತದೆ.

1885ರಲ್ಲಿ ಕಟ್ಟಿದ ಲೈಟ್‌ಹೌಸ್ ಇಲ್ಲಿದೆ. ಮೇಲೆ ಬಿಡುವ ಹೊತ್ತು ಇದ್ದರೆ ನೀವೂ ಮಗನೂ ಹತ್ತಿ. ಮೇಲಿನಿಂದ ಒಂದು ಕಡೆ ತಿಳಿ ಹಸಿರು, ಇನ್ನೊಂದು ಕಡೆ ಕಡು ನೀಲಿ, ಎರಡರ ನಡುವೆ ತೆರೆ ಒಡೆಯುವ ಬಿಳಿ ಗೆರೆ. ಶಾಲೆಯಲ್ಲಿ ‘ಹವಳದ್ವೀಪ’ ಅಂತ ಓದಿದ್ದರ ನಕ್ಷೆ ಕಣ್ಣೆದುರಿಗೇ ಇರುತ್ತದೆ.

ಭಾಷೆ ನಿಮಗೆ ದೊಡ್ಡ ಅನುಕೂಲ. ಮಿನಿಕಾಯ್ ಬಿಟ್ಟು ಉಳಿದೆಡೆ ಆಡುವುದು ಮಲಯಾಳಂನ ಒಂದು ರೂಪ. ಗೋಣಿಕೊಪ್ಪ, ವಿರಾಜಪೇಟೆಯಲ್ಲಿ ಸಂತೆ ಮಾಡಿದವರಿಗೆ ಅಷ್ಟು ಮಲಯಾಳಂ ಬರುತ್ತದೆ. ಉತ್ತರದಿಂದ ಬರುವ ಪ್ರವಾಸಿಗರಿಗೆ ಸಿಗದ ಮಾತು ನಿಮಗೆ ಸಿಗುತ್ತದೆ. ಇತಿಹಾಸದ ಒಂದು ನಂಟೂ ಇದೆ. ಅಮೀನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಮಂಗಳೂರಿನಿಂದ ಆಡಳಿತ ನಡೆಯುತ್ತಿತ್ತು. 1956ರ ನವೆಂಬರ್ 1ರಂದು ಅವು ಮಂಗಳೂರಿನಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶವಾದವು. ಅದೇ ದಿನ ನಮ್ಮ ಕೊಡಗು ರಾಜ್ಯ ಮೈಸೂರಿಗೆ ಸೇರಿತು.

ನಡೆದುಕೊಳ್ಳುವ ರೀತಿ ಬಗ್ಗೆ ನಿಮಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. ಶನಿವಾರ ಭಾನುವಾರ ನಮ್ಮಲ್ಲಿ ಏನಾಗುತ್ತದೆ ಅಂತ ನೋಡುತ್ತಲೇ ಇದ್ದೀರಿ. ಕಾಫಿ ಹೂ ಬಿಟ್ಟಾಗ ಗೇಟು ತೆಗೆದು ತೋಟದೊಳಗೆ ಬಂದು ಫೋಟೊ ತೆಗೆಯುತ್ತಾರೆ. ಮಾಂದಲ್‌ಪಟ್ಟಿ ದಾರಿಯಲ್ಲಿ ಚಿಪ್ಸಿನ ಪೊಟ್ಟಣ ಬಿದ್ದಿರುತ್ತದೆ. ಅಂಗಳದಲ್ಲಿ ಕೆಲಸ ಮಾಡುತ್ತಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯುತ್ತಾರೆ. ಅದು ನಮಗೆ ಹೇಗೆ ಅನ್ನಿಸುತ್ತದೋ ಅವರಿಗೂ ಹಾಗೇ. ಅಷ್ಟು ಚಿಕ್ಕ ದ್ವೀಪದಲ್ಲಿ ಕಸ ಹಾಕಲು ಜಾಗವೇ ಇಲ್ಲ. ತೆಗೆದುಕೊಂಡು ಹೋದ ಪ್ಲಾಸ್ಟಿಕ್ಕನ್ನೆಲ್ಲ ಹಡಗಿಗೆ ವಾಪಸ್ ತನ್ನಿ. ಈಜುವ ಬಟ್ಟೆ ಬೀಚಿಗೆ ಮಾತ್ರ, ಹಳ್ಳಿಯೊಳಗೆ ಮೈ ಮುಚ್ಚುವ ಬಟ್ಟೆ. ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಜನವಸತಿ ಇರುವ ದ್ವೀಪಗಳಲ್ಲಿ ಮದ್ಯ ನಿಷೇಧ. ನಮ್ಮ ಮನೆಗಳಲ್ಲಿ ಅದು ಹಬ್ಬದ, ಹಿರಿಯರ ಮರ್ಯಾದೆಯ ಭಾಗ, ನಿಜ. ಆದರೆ ಒಂದು ಬಾಟಲಿಯನ್ನೂ ಚೀಲದಲ್ಲಿ ಇಡಬೇಡಿ. ಈಗಿನ ವರ್ಷಗಳಲ್ಲಿ ರಂಜಾನ್ ಫೆಬ್ರವರಿ, ಮಾರ್ಚ್ ಆಸುಪಾಸು ಬರುತ್ತಿದೆ. ಟಿಕೆಟ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ. ಉಪವಾಸದ ದಿನ ಹೋದರೆ ದಾರಿಯಲ್ಲಿ ತಿನ್ನುವುದು, ಕುಡಿಯುವುದು ಬೇಡ.

ಯಾರಾದರೂ ಮನೆಗೆ ಕರೆದು ಚಹಾ ಕೊಟ್ಟರೆ ಕೈ ಬೀಸಿಕೊಂಡು ಬರಬೇಡಿ. ಕಾಲು ಕೆಜಿ ಕಾಫಿ ಪುಡಿ, ಒಂದು ಪೊಟ್ಟಣ ಕರಿಮೆಣಸು ಚೀಲದಲ್ಲಿರಲಿ. ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ದುಡ್ಡು, ಚಾಕೊಲೇಟು ಹಂಚಬೇಡಿ.

ಬಿಸಿಲನ್ನು ಕಡೆಗಣಿಸಬೇಡಿ. ನಾವು ಮಂಜು, ಮರದ ನೆರಳು ರೂಢಿಯಾದವರು. ಅಲ್ಲಿ ಬಿಳಿ ಮರಳು, ನೀರು ಎರಡೂ ಬೆಳಕನ್ನು ಕೆಳಗಿನಿಂದ ಎಸೆಯುತ್ತವೆ. ಟೋಪಿ ಹಾಕಿದರೂ ಮುಖ ಸುಡುತ್ತದೆ. ನೀರಿನಲ್ಲಿ ಉದ್ದ ತೋಳಿನ ಬನಿಯನ್ ಹಾಕಿಕೊಂಡೇ ಇರಿ, ಕ್ರೀಮಿಗಿಂತ ಅದು ಒಳ್ಳೆಯದು, ಹವಳಕ್ಕೂ ಒಳ್ಳೆಯದು. ಹನ್ನೆರಡರಿಂದ ಮೂರರವರೆಗೆ ಊಟ, ನೆರಳು, ನಿದ್ದೆ. ಊಟಕ್ಕೆ ಮೀನು, ತೆಂಗು ಜಾಸ್ತಿ. ತೆಂಗಿನ ನೀರಾದಿಂದ ಮಾಡಿದ ಬೆಲ್ಲ ಸಿಕ್ಕರೆ ರುಚಿ ನೋಡಿ.

ಪರ್ಮಿಟ್ ಇಲ್ಲದೆ ಹೊರಗಿನವರು ಲಕ್ಷದ್ವೀಪಕ್ಕೆ ಹೋಗುವಂತಿಲ್ಲ. ಅಲ್ಲಿಯ ಜನರ ರಕ್ಷಣೆಗೆ 1967ರಲ್ಲಿ ಮಾಡಿದ ನಿಯಮ ಅದು. ಪ್ಯಾಕೇಜ್ ಮಾಡಿಸಿದವರೇ ಮಾಡಿಸಿಕೊಡುತ್ತಾರೆ. ಅತ್ತೆಯವರ ಗುರುತಿನ ಚೀಟಿಯ ಹೆಸರು, ಟಿಕೆಟ್ಟಿನ ಹೆಸರು ಒಂದೇ ಇರಬೇಕು. ನಮ್ಮಲ್ಲಿ ಮನೆತನದ ಹೆಸರು ಒಂದು ಕಡೆ ಮುಂದೆ, ಒಂದು ಕಡೆ ಬಿಟ್ಟುಹೋಗಿ ತೊಂದರೆ ಆಗುತ್ತದೆ, ಈಗಲೇ ನೋಡಿಕೊಳ್ಳಿ. ನಗದು ಇಟ್ಟುಕೊಳ್ಳಿ.

ವಾಂತಿಯ ಬಗ್ಗೆ. ನಿಮ್ಮ ಮನೆಯಲ್ಲಿ ಕಣ್ಣೂರಿನ ಕಡೆಗೆ ಮಾಕುಟ್ಟ ಘಾಟಿ ಇಳಿಯುವಾಗ ಯಾರಿಗೆ ತಲೆ ತಿರುಗುತ್ತದೋ ಅವರಿಗೆ ಹಡಗಿನಲ್ಲೂ ಆಗಬಹುದು. ಮಾರ್ಚ್ ಕೊನೆಯಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತ. ಕ್ಯಾಬಿನ್ ಆರಿಸಲು ಆದರೆ ಹಡಗಿನ ನಡುವೆ, ಕೆಳಗಿನ ಮಹಡಿಯಲ್ಲಿ ತೆಗೆದುಕೊಳ್ಳಿ, ಅಲುಗಾಟ ಕಡಿಮೆ. ಮಾತ್ರೆಯನ್ನು ವಾಂತಿ ಶುರುವಾದ ಮೇಲಲ್ಲ, ಹೊರಡುವ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಅತ್ತೆಗೆ ಮಾತ್ರ ಡಾಕ್ಟರನ್ನು ಕೇಳದೆ ಕೊಡಬೇಡಿ. ಆ ಮಾತ್ರೆಗಳು ನಿದ್ದೆ ತರಿಸುತ್ತವೆ, ವಯಸ್ಸಾದವರಿಗೆ ಮಂಪರು ಜಾಸ್ತಿ. ಮಂಪರಿನಲ್ಲಿ ಬೋಟಿಗೆ ಇಳಿಯುವುದು ಅಪಾಯ.

ಗಾಳಿ ಜಾಸ್ತಿಯಿದ್ದರೆ ಒಂದು ದ್ವೀಪದಲ್ಲಿ ಇಳಿಸದೇ ಇರಬಹುದು. ಅದು ಕ್ಯಾಪ್ಟನ್ ತೀರ್ಮಾನ. ಮಿನಿಕಾಯ್ ತಪ್ಪಿದರೆ ಬೇಸರ ಆಗುತ್ತದೆ, ಆದರೂ ಅವರ ಮಾತು ಕೇಳಿ.

ವಾಪಸ್ ಬರುವಾಗ ಕೊಚ್ಚಿಯಲ್ಲಿ ಇಳಿದ ಮೇಲೆ ಒಂದೆರಡು ದಿನ ನೆಲವೇ ತೂಗಿದ ಹಾಗೆ ಅನ್ನಿಸಬಹುದು. ಹೆದರಬೇಡಿ, ಹೋಗುತ್ತದೆ. ಎರ್ನಾಕುಲಂನಿಂದ ಕಣ್ಣೂರಿಗೆ ರೈಲಿನಲ್ಲಿ ಬಂದು, ಅಲ್ಲಿ ನಿಲ್ಲಿಸಿದ ಕಾರನ್ನು ಅದೇ ರಾತ್ರಿ ಮಾಕುಟ್ಟದ ಮೇಲೆ ಓಡಿಸಿಕೊಂಡು ಬರುವ ಯೋಚನೆ ನಿಮ್ಮ ಯಜಮಾನರಿಗೆ ಇದ್ದರೆ ಬೇಡ ಅನ್ನಿ. ಕಣ್ಣೂರಿನಲ್ಲಿ ಮಲಗಿ, ಬೆಳಕು ಹರಿದ ಮೇಲೆ ಘಾಟಿ ಹತ್ತಿ.